ನೌಪಾಡಾದ ಡಾಕ್ಟರ್‌ಬಾಯಿ

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳಷ್ಟು ಕೆಳಗಿತ್ತು. ಮೂವತ್ತು ವರ್ಷ ಬಸುರಿಯರ ಹೊಟ್ಟೆಯ ಮೇಲೆ ಸ್ಕ್ಯಾನಿನ ಹಿಡಿಕೆ ಒತ್ತಿ ಹಿಡಿದು ಹಾಗಾಗಿತ್ತು. ಬಿಳಿಕೋಟು ಆ ಬದಿಯಿಂದ ಸದಾ ಜಾರುವುದು, ಅದನ್ನು ಎಡಗೈಯಲ್ಲಿ ಎಳೆದುಕೊಳ್ಳುತ್ತಲೇ ಅವರು ಮಾತಾಡುವುದು.

ಮುಂಬಯಿ ಪಕ್ಕದ ಠಾಣೆಯ ನೌಪಾಡಾದಲ್ಲಿ, ಒಂದು ಗಲ್ಲಿಯ ಕಟ್ಟಡದ ಮೊದಲ ಮಹಡಿಯಲ್ಲಿ ಅವರ ಸೋನೋಗ್ರಫಿ ಸೆಂಟರ್ ಇತ್ತು. ಮರಾಠಿ ರೂಢಿಯಂತೆ ಎಲ್ಲರೂ ಡಾಕ್ಟರ್‌ಬಾಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಠಾಣೆಗೆ ಬಂದವರು. ನನ್ನ ಫೈಲಿನಲ್ಲಿದ್ದ ಅಡ್ಡಹೆಸರು ನೋಡಿ, "ಉಡುಪಿ ಕಡಿಯಾಕೀನ? ಬಾ ತಂಗಿ, ಕನ್ನಡ ಮಾತಾಡಿ ಭಾಳ ದಿನಾ ಆಗಿತ್ತು" ಅಂದಿದ್ದರು.

ಅಲ್ಲಿ ಕಾಯುವುದೆಂದರೆ ಕಾಯುವುದೇ. ಬೇರೆ ಕಡೆ ಹತ್ತು ನಿಮಿಷಕ್ಕೆ ಮುಗಿಯುವ ಸ್ಕ್ಯಾನಿಗೆ ಇವರು ಮುಕ್ಕಾಲು ಗಂಟೆ ತೆಗೆದುಕೊಳ್ಳುವರು. ಯಾರಾದರೂ ಗೊಣಗಿದರೆ ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಹೇಳುವರು. ಕನ್ನಡದ ಆವೃತ್ತಿ ನನಗೆ ಮಾತ್ರ: "ಫಾಸ್ಟ್ ಲೋಕಲ್ ಬೇಕಾದವರು ಸ್ಟೇಷನ್ನಿಗೆ ಹೋಗ್ರಿ. ನಂದು ಸ್ಲೋ. ಎಲ್ಲಾ ಕಡೆ ನಿಂತ ಹೋಗತದ." ಗಂಡೋ ಹೆಣ್ಣೋ ಎಂದು ಕಣ್ಣುಸನ್ನೆಯಲ್ಲಿ ಕೇಳುವ ಅತ್ತೆಯಂದಿರಿಗೆ ಇನ್ನೊಂದು ಉತ್ತರ ಸಿದ್ಧವಿತ್ತು: "ಮನಷ್ಯಾ ಅದ. ಚಿಂತಿ ಬ್ಯಾಡ."

ಆಗ ನಾವು ಡೊಂಬಿವಲಿಯಲ್ಲಿದ್ದೆವು. ಸ್ಟೇಷನ್ ಹತ್ತಿರ ನನ್ನವರದೊಂದು ಸಣ್ಣ ವೆಜ್ ಹೋಟೆಲು. ನನಗೆ ಠಾಣೆಯ ಒಂದು ಆಫೀಸಿನಲ್ಲಿ ಕೆಲಸ. ಮೊದಲ ಬಸುರಿನ ಹನ್ನೆರಡನೇ ವಾರ ಅರ್ಧ ದಿನದ ರಜೆ ಹಾಕಿ, ಅತ್ತೆಯ ಜೊತೆ ಅವರಲ್ಲಿಗೆ ಹೋದೆ.

ಡಾಕ್ಟರ್‌ಬಾಯಿ ಸ್ಕ್ಯಾನ್ ಮಾಡುವಾಗ ಬಾಯಿ ಮುಚ್ಚುತ್ತಿರಲಿಲ್ಲ. ಇದು ಕೈ, ಇದು ಮೂಗು, ನೋಡ ಹ್ಯಾಂಗ ಒದೀತದ ಎಂದು ಹೇಳುತ್ತಾ ಹೋದವರು ತಲೆಯ ಹತ್ತಿರ ಬಂದಾಗ ಸುಮ್ಮನಾದರು. ನನ್ನನ್ನು ಮಗ್ಗುಲಿಗೆ ತಿರುಗಿಸಿದರು. ಕೆಮ್ಮಲು ಹೇಳಿದರು. ಸ್ವಲ್ಪ ಹೊತ್ತು ನಡೆದಾಡಿ ಬರಲು ಹೇಳಿ, ಮತ್ತೆ ಮಲಗಿಸಿ ನೋಡಿದರು. ಕೊನೆಗೆ ಹೊಟ್ಟೆಯ ಮೇಲಿನ ಜೆಲ್ಲನ್ನು ತಾವೇ ಒರೆಸಿ, ಸ್ಟೂಲು ಹತ್ತಿರಕ್ಕೆ ಎಳೆದು ಕೂತರು.

"ತಲಿ ಹಿಂದ ಒಂದು ಸಣ್ಣ ಕರೀ ಜಾಗಾ ಕಾಣಬೇಕು ತಂಗಿ. ನನಗ ಕಾಣವಲ್ದು. ಬೆನ್ನುಹುರಿ ಸರಿಯಾಗಿ ಮುಚ್ಚಿರಲಿಕ್ಕಿಲ್ಲ ಅಂತ ಸಂಶೆ. ಬರೇ ಸಂಶೆ. ಕೂಸು ಇನ್ನೂ ಭಾಳ ಸಣ್ಣದು. ನಾಕು ವಾರ ಬಿಟ್ಟು ಬಾ, ಬೆನ್ನು ಸರಿಯಾಗಿ ನೋಡಿ ಹೇಳ್ತೀನಿ."

ಆ ನಾಲ್ಕು ವಾರ ನಾನು ಲೋಕಲ್ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಯೇ ಕೂತೆ. ಯಾರಾದರೂ ಎಷ್ಟು ತಿಂಗಳು ಎಂದು ಕೇಳಿಯಾರೆಂಬ ಹೆದರಿಕೆ.

ಹದಿನಾರನೇ ವಾರದಲ್ಲಿ ಸಂಶಯ ಉಳಿಯಲಿಲ್ಲ. ಮಗುವಿನ ಬೆನ್ನು ಸಾಕಷ್ಟು ಮೇಲಿನಿಂದಲೇ ತೆರೆದುಕೊಂಡಿತ್ತು, ತಲೆಯಲ್ಲಿ ನೀರು ತುಂಬತೊಡಗಿತ್ತು. ಹೊರಗೆ ಕೂತಿದ್ದ ನನ್ನವರನ್ನೂ ಅತ್ತೆಯನ್ನೂ ಡಾಕ್ಟರ್‌ಬಾಯಿ ಒಳಗೆ ಕರೆದು ಪರದೆಯಲ್ಲಿ ತೋರಿಸಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಂದರು, "ನಾನು ಹೇಳಿದ್ದೆ ಡಾಕ್ಟ್ರೇ. ಗ್ರಹಣದ ದಿನ ಆಫೀಸಿಗೆ ಹೋಗ್ಬೇಡ ಅಂತ. ಇವಳು ಕೇಳ್ಲಿಲ್ಲ."

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಡಾಕ್ಟರ್‌ಬಾಯಿ ಸಿಟ್ಟಾಗಲಿಲ್ಲ.

"ಗ್ರಹಣ ಯಾವಾಗ ಆತ್ರಿ ಅಮ್ಮಾ?"

"ಆರು ವಾರ ಆಯ್ತು."

"ಕೂಸಿನ ಬೆನ್ನು ಮುಚ್ಚೂದು ಮೊದಲನೇ ತಿಂಗಳದಾಗ. ಬಸರಾಗೇನಿ ಅಂತ ಈಕಿಗೇ ಗೊತ್ತಿರಲಿಲ್ಲ ಆಗ. ಆರು ವಾರದ ಹಿಂದಿನ ಗ್ರಹಣ ಮೂರು ತಿಂಗಳ ಹಿಂದ ಹೋಗಿ ಏನ್ ಮಾಡೀತ್ರಿ? ಈ ಹುಡುಗಿದು ತಪ್ಪಿಲ್ಲ. ನಿಮ್ಮದೂ ಇಲ್ಲ. ಇದನ್ನ ಇಲ್ಲೇ ಬಿಟ್ಟು ಹೋಗ್ರಿ, ಮನಿಗೆ ಒಯ್ಯಬ್ಯಾಡ್ರಿ."

ಆ ಸಂಜೆ ಅತ್ತೆ ಗಂಜಿಯ ಬಟ್ಟಲು ಹಿಡಿದು ನನ್ನ ಮಂಚದ ಬದಿಗೆ ಬಂದು ಕೂತರು. "ಉಣ್ಣು ಮಗಾ. ನಾನು ಹಾಗೆ ಹೇಳ್ಬಾರ್ದಿತ್ತು" ಅಂದರು. ಇಂದಿನವರೆಗೂ ನಮ್ಮ ಮನೆಯಲ್ಲಿ ಗ್ರಹಣದ ಮಾತು ಎದ್ದಿಲ್ಲ.

ಮುಂದೇನು ಮಾಡಬೇಕೆಂದು ಡಾಕ್ಟರ್‌ಬಾಯಿ ಅಂದು ಹೇಳಲೇ ಇಲ್ಲ. ನನ್ನವರು ಎರಡು ಸಲ ಕೇಳಿದರು. "ಏನದ ಅಂತ ಹೇಳೂದು ನನ್ನ ಕೆಲಸ. ಮುಂದಿಂದು ನಿಮ್ಮಿಬ್ಬರದು" ಅಂದು, ಮಕ್ಕಳ ಸರ್ಜನ್ ಒಬ್ಬರಿಗೆ ಚೀಟಿ ಬರೆದುಕೊಟ್ಟರು. ಆಮೇಲೆ ಡೊಂಬಿವಲಿಯ ಪಕ್ಕದ ಕಲ್ಯಾಣದ ಒಂದು ವಿಳಾಸ ಕೊಟ್ಟರು. "ಈ ಮನಿಗೂ ಹೋಗಿ ಬರ್ರಿ. ಅಲ್ಲಿ ಇಂಥಾದೇ ತೊಂದರಿ ಇರೋ ಒಂದು ಹುಡುಗಿ ಇದ್ದಾಳ. ನಿಮ್ಮ ಕೂಸಿಗಿಂತ ಆಕೀದು ಬೆನ್ನಾಗ ಇನ್ನೂ ಕೆಳಗ ಅದ, ಅಷ್ಟು ಜೋರಿಲ್ಲ. ಹೋಗೂಕಿಂತ ಮೊದಲ ಒಂದು ಮಾತು. ಆಕಿ ಹೊಟ್ಟ್ಯಾಗಿದ್ದಾಗ ಸ್ಕ್ಯಾನ್ ಮಾಡಿದಾಕಿ ನಾನ. ಎಲ್ಲಾ ಸರಿ ಅದ ಅಂತ ಬರದು ಕೊಟ್ಟಿದ್ದೆ."

ಕಲ್ಯಾಣದ ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿ ಕಾಲಿಗೆ ಆಧಾರದ ಪಟ್ಟಿ ಕಟ್ಟಿಕೊಂಡು ನೆಲದಲ್ಲಿ ಕೂತು ಗುಣಾಕಾರ ಮಾಡುತ್ತಿದ್ದಳು. ನನ್ನವರ ಬಾಯಿಂದ ಹದಿನೇಳರ ಮಗ್ಗಿ ಹೇಳಿಸಿ, ತಪ್ಪಿದ್ದಕ್ಕೆ ನಕ್ಕಳು. ಅವಳ ತಾಯಿ ಅಡುಗೆಮನೆಯಲ್ಲಿ ನನಗೆ ಚಹಾ ಕೊಡುತ್ತಾ ಮರಾಠಿಯಲ್ಲಿ ಹೇಳಿದರು: "ಹೆರಿಗೆಯಾದ ನಾಲ್ಕನೇ ದಿನ ಡಾಕ್ಟರ್‌ಬಾಯಿ ತಾವಾಗಿಯೇ ಆಸ್ಪತ್ರೆಗೆ ಬಂದರು. ತಪ್ಪು ನನ್ನದು, ಅವಸರದಲ್ಲಿ ನೋಡಿದೆ ಅಂದರು. ನನ್ನ ಗಂಡ ಅವರಿಗೆ ‘ಹೊರಗೆ ಹೋಗಿ’ ಅಂದರು. ಮರುವಾರ ಮತ್ತೆ ಬಂದರು. ಈಗಲೂ ಬರುತ್ತಾರೆ."

ನಾನು ತಡವರಿಸುತ್ತಾ ಕೇಳಿದೆ, "ಮೊದಲೇ ಗೊತ್ತಿದ್ದಿದ್ದರೆ?"

ಅವರು ಹೊರಗಿನ ನಗುವನ್ನು ಕೇಳಿಸಿಕೊಳ್ಳುತ್ತಾ ನಿಂತರು. "ಇವಳಿಲ್ಲದ ಮನೆ ನನಗೆ ಊಹಿಸಲಾಗದು. ಆದರೆ ಗೊತ್ತಿದ್ದಿದ್ದರೆ ಯೋಚಿಸಲು ಸಮಯವಾದರೂ ಇರುತ್ತಿತ್ತು. ಏನು ನಿರ್ಧರಿಸುತ್ತಿದ್ದೆವೋ, ದೇವರಾಣೆ, ಗೊತ್ತಿಲ್ಲ."

ಚೀಟಿ ಹಿಡಿದು ಹೋಗಿದ್ದಾಗ ಸರ್ಜನ್ ಏನನ್ನೂ ಮುಚ್ಚಿಡದೆ ಹೇಳಿದ್ದರು: ನಮ್ಮ ಮಗುವಿಗೆ ಹುಟ್ಟಿದ ಕೂಡಲೇ ಆಪರೇಷನ್ ಆಗಬೇಕು, ಅದು ಮುಗಿದ ಮೇಲೆ ಇನ್ನೊಂದು, ಕಾಲಿಗೆ ಶಕ್ತಿ ಬರುವುದು ಕಷ್ಟ. ನಾಲ್ಕು ದಿನ ಅತ್ತು, ಮಗುವನ್ನು ಉಳಿಸಿಕೊಳ್ಳುವುದು ಬೇಡವೆಂದು ನಿರ್ಧರಿಸಿದೆವು.

ಆಮೇಲೆ ಎಷ್ಟೋ ವಾರ, ಶನಿವಾರ ಮಧ್ಯಾಹ್ನ ಡಾಕ್ಟರ್‌ಬಾಯಿಯ ಫೋನ್ ಬರುತ್ತಿತ್ತು. "ಊಟ ಆತೇನು? ಏನ್ ಉಂಡಿ?" ಅಷ್ಟೇ. ಮತ್ತೇನೂ ಕೇಳುತ್ತಿರಲಿಲ್ಲ. ಒಂದು ಶನಿವಾರ ನಾನೇ, ಇನ್ನೊಂದು ಮಗುವಿಗೆ ಮನಸ್ಸು ಮಾಡಿದ್ದೇವೆ ಅಂದೆ. "ಹಂಗಾದ್ರ ಇವತ್ತಿಂದನ ತಯಾರಿ" ಅಂದರು. ನನ್ನ ಗೈನಕಾಲಜಿಸ್ಟ್ ಜೊತೆ ತಾವೇ ಮಾತಾಡಿದರು. ಬಸಿರಾಗುವ ಮೂರು ತಿಂಗಳು ಮೊದಲೇ, ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಸಿಡ್ ಮಾತ್ರೆ ಶುರುವಾಯಿತು, ಒಮ್ಮೆ ಹೀಗಾದವರಿಗೆ ಕೊಡುವ ಹೆಚ್ಚಿನ ಡೋಸಿನದು.

ಎರಡನೇ ಸಲ ಹನ್ನೆರಡನೇ ವಾರ ತಲೆಯ ಹಿಂದಿನ ಆ ಕರೀ ಜಾಗ ಕಂಡಿತು. ಐದನೇ ತಿಂಗಳಲ್ಲಿ ಅವರು ಪರದೆಯನ್ನು ನನ್ನ ಕಡೆ ಪೂರ್ತಿ ತಿರುಗಿಸಿದರು. ಮಗುವಿನ ಬೆನ್ನು ಎರಡು ಬಿಳಿ ಸಾಲಾಗಿ ಕತ್ತಿನಿಂದ ಸೊಂಟದವರೆಗೆ ಇಳಿದಿತ್ತು. "ನೋಡ, ರೈಲ್ವೆ ಹಳಿ ಇದ್ದಂಗ ಅದ. ಎಲ್ಲೂ ತಪ್ಪಿಲ್ಲ." ಬಾಗಿಲಲ್ಲಿ ನಿಂತ ಅತ್ತೆಯನ್ನು ಕೂಗಿ ಕರೆದರು. ಅತ್ತೆ ಪರದೆಗೆ ಕೈಮುಗಿದರು, ಆಮೇಲೆ ಡಾಕ್ಟರ್‌ಬಾಯಿಗೂ. ಅವರು ಬೇರೆ ಕಡೆ ತಿರುಗಿ ಮೂಗು ಒರೆಸಿಕೊಂಡರು.

ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಅವರು ಸೆಂಟರ್ ಮುಚ್ಚಿ ಖಾರಘರದಲ್ಲಿದ್ದ ಮಗನ ಮನೆಗೆ ಹೋದರು. ಕಾಯಿಲೆ ಆಗಲೇ ಹಿಡಿದಿತ್ತು. ನೋಡಲು ಹೋದಾಗ ಹಾಸಿಗೆಯಲ್ಲಿ ಒರಗಿ ಕೂತು, ನನ್ನ ಮಗಳ ಕೈಯಲ್ಲಿ ಕನ್ನಡದ ಒಂದರಿಂದ ಹತ್ತು ಹೇಳಿಸಿದರು. ಅವಳು ಏಳರ ನಂತರ ಮರಾಠಿಗೆ ಜಾರಿದಳು. ಅವಳು ಬಾಲ್ಕನಿಗೆ ಓಡಿದ ಮೇಲೆ, ವರ್ಷಗಳಿಂದ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿದೆ.

"ಬಾಯಿ, ಆವತ್ತು ನಾವು ಮಾಡಿದ್ದು ಸರಿಯಾ?"

ಅವರು ನನ್ನ ಕೈ ಹಿಡಿದುಕೊಂಡರು.

"ನನಗ ಗೊತ್ತಿಲ್ಲ ತಂಗಿ. ಸುಳ್ಳ ಹೇಳಿ ಸಮಾಧಾನ ಮಾಡಲಾರೆ. ನೀವು ಎಲ್ಲಾ ತಿಳಕೊಂಡು, ಎರಡೂ ಕಡೆ ನೋಡಿ, ಅಳಕೋತ ನಿರ್ಧಾರ ಮಾಡಿದ್ರಿ. ಅಷ್ಟ ನಾ ಕಂಡದ್ದು."

ಸರಿ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಆ ದಿನ ಖಾರಘರದಿಂದ ಠಾಣೆಯವರೆಗೆ ಅಳುತ್ತಾ ಬಂದು ಹಗುರಾದೆ. ಎರಡು ತಿಂಗಳಲ್ಲಿ ಡಾಕ್ಟರ್‌ಬಾಯಿ ತೀರಿಹೋದರು.

ಈಗ ನಾವು ಠಾಣೆಯ ಘೋಡಬಂದರ್ ರಸ್ತೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿದ್ದೇವೆ. ಹೋದ ತಿಂಗಳು ಎದುರು ಫ್ಲ್ಯಾಟಿನ ಹುಡುಗಿಗೆ ಮದುವೆಯಾಯಿತು. ಲಿಫ್ಟಿನಲ್ಲಿ ಸಿಕ್ಕಾಗ ಅವಳಿಗೆ ಫೋಲಿಕ್ ಆಸಿಡ್ ಮಾತ್ರೆಯ ವಿಷಯ ಹೇಳಿ, ಡಾಕ್ಟರನ್ನು ಕೇಳಿ ಈಗಲೇ ಶುರು ಮಾಡು ಅಂದೆ. ಇನ್ನೂ ಏನೂ ಇಲ್ಲವಲ್ಲ ಎಂದು ಅವಳು ನಾಚಿ ಕೆಂಪಾದಳು. "ಆಂಟಿ, ಅಭೀ ತೋ ಕುಛ್ ಹೈ ಹೀ ನಹೀ!"

"ಅದಕ್ಕೇ ಈಗ ಹೇಳ್ತಿರೋದು" ಅಂದೆ.