ಅಡುಗೆಮನೆಯಲ್ಲಿ ಹೊಳೆಯ ಹೂಳು

ಕೆಸರಿನ ವಿಷಯದಲ್ಲಿ ಎರ್ಮೆಲಿಂದಾ ತಮಾನಿಗೆ ಎದುರಾಡುವವರು ನಮ್ಮ ಕುಕಾಮ ಬುಡಕಟ್ಟಿನ ಊರಿನಲ್ಲಿ ಯಾರೂ ಇರಲಿಲ್ಲ. ಎಣ್ಣೆ ಬಾವಿಗಳ ಕೆಳಹರಿವಿನ ಹೊಳೆ, ಕೆರೆಗಳ ಹೂಳಿನ ಮೇಲೆ ಕಣ್ಣಿಡುವ ಕೆಲಸ ಅವಳದು. ಅದಕ್ಕೆಂದು ಕೊಟ್ಟ ರಬ್ಬರ್ ಬೂಟನ್ನು ಗಂಡ ಸೆಗುಂದೋ ಮೆಟ್ಟಿಕೊಂಡು ಮೆರೆಯುತ್ತಿದ್ದ. ಇವಳು ಬರಿಗಾಲಲ್ಲೇ ಕೆರೆಗಿಳಿದು, ಪಾದ ಎತ್ತಿ ಮೂಸಿ, "ಇಲ್ಲಿ ಎಣ್ಣೆ ಐತೆ" ಅನ್ನುವಳು. ಐವತ್ತೆರಡರ ಹೆಂಗಸು ತನ್ನ ಕಾಲು ತಾನೇ ಮೂಸುವುದು ಸುಲಭವಲ್ಲ, ಬೇಕಾದರೆ ಮಾಡಿ ನೋಡಿ.

ಆದರೆ ಸರ್ಕಾರಕ್ಕೆ ಕಾಲು ಸಾಕ್ಷಿಯಲ್ಲ, ರಾಜಧಾನಿ ಲಿಮಾದ ಪ್ರಯೋಗಾಲಯವೇ ಹೇಳಬೇಕು. ಬಂದ ಅಧಿಕಾರಿಗಳೆಲ್ಲ ದೋಣಿ ತಾಗಿದ ಮರಳದಿಣ್ಣೆಯಲ್ಲೇ ಬಾಟಲಿ ತುಂಬಿಕೊಂಡು, ಅದನ್ನೇ ಕಡತದಲ್ಲಿ ಗುರುತಿಸಿದ "ಏಳನೆಯ ಜಾಗ" ಎಂದು ಬರೆದುಕೊಂಡು ಹೋಗುತ್ತಿದ್ದರು. ಹೂಳು ಶುದ್ಧ ಎಂದೇ ವರದಿ ಬರುತ್ತಿತ್ತು. ಈ ಸಲವೂ ಹಾಗೇ ಬಂದರೆ ಕಡತ ಮುಚ್ಚುತ್ತಾರೆ, ಎಣ್ಣೆ ಸಿಕ್ಕ ಊರಿಗೆ ಕೊಡುವ ಕುಡಿಯುವ ನೀರಿನ ಘಟಕ ನಮ್ಮೂರಿಗಿಲ್ಲ.

ಈ ಸಲ ಬಂದವನು ಪಲೋಮಿನೋ ಎಂಬ ಹೊಸ ಇಂಜಿನಿಯರ್. ಕೂದಲೆಳೆಯಷ್ಟೂ ಆಚೀಚೆ ಆಗಬಾರದೆನ್ನುವ ಆಸಾಮಿ. ಜಿಪಿಎಸ್‌ನಲ್ಲಿ ಆ ಏಳನೆಯ ಜಾಗ ಹುಡುಕುತ್ತ ದಂಡೆ ಹತ್ತಿದ, ಬಾಳೆತೋಟ ದಾಟಿದ, ಕೋಳಿಗಳನ್ನು ಚದುರಿಸಿ ಎರ್ಮೆಲಿಂದಾಳ ಅಡುಗೆಮನೆಗೇ ನುಗ್ಗಿ ಒಲೆಯ ಪಕ್ಕ ನಿಂತ.

"ದೋನ್ಯಾ, ಅಮ್ಮಾವ್ರೇ, ಇದೇ ಹೊಳೆ," ಅಂದ.

"ಇದು ಒಲೆ, ಇಂಜಿನಿಯರ್ರೇ," ಅಂದಳು ಅವಳು.

"ದಾಖಲೆ ಪ್ರಕಾರ ನಾವೀಗ ನೀರಲ್ಲಿದೀವಿ."

"ಹಂಗಾದ್ರೆ ಈಜಿ," ಅಂದ ಬಾಗಿಲಲ್ಲಿದ್ದ ಸೆಗುಂದೋ.

ವಿಷಯ ಏನೆಂದರೆ, ಇಪ್ಪತ್ತು ವರ್ಷದ ಹಿಂದೆ ಆ ಜಾಗ ಗುರುತಿಸಿದಾಗ ಮರನ್ಯೋನ್ ಹೊಳೆ ಅಲ್ಲೇ ಹರಿಯುತ್ತಿತ್ತು. ನಮ್ಮ ಹೊಳೆಗೆ ಒಂದೇ ಕಡೆ ಮಲಗಿ ಅಭ್ಯಾಸವಿಲ್ಲ. ಮೂರೇ ವರ್ಷಕ್ಕೆ ಮಗ್ಗುಲು ಬದಲಿಸಿತು. ಅದು ಬಿಟ್ಟುಹೋದ ಹೊಸ ನೆಲದಲ್ಲಿ ಎಲ್ಲರಿಗಿಂತ ಮೊದಲು ಕಂಬ ನೆಟ್ಟು ಮನೆ ಕಟ್ಟಿ, ಪಕ್ಕದಲ್ಲೇ ಮಣ್ಣುನೆಲದ ಅಡುಗೆಮನೆ ಹಾಕಿದವಳು ಎರ್ಮೆಲಿಂದಾ. ಊರೆಲ್ಲ ಹೊಟ್ಟೆ ಉರಿದುಕೊಂಡಿತ್ತು.

"ಕೆರೆಗೆ ಬನ್ನಿ, ಕರೀ ಕೆಸರು ತೋರಿಸ್ತೀನಿ," ಎಂದು ಈಗ ಗೋಗರೆದಳು. "ನನ್ನ ಒಲೆ ಬುಡದ ಮಣ್ಣು ತಗೊಂಡೋಗಿ ಶುದ್ಧ ಅಂತ ಬರೆದ್ರೆ ಊರ ಬಾಯಿಗೇ ಮಣ್ಣು ಹಾಕ್ದಂಗೆ."

"ಲಿಮಾದಿಂದ ಪತ್ರ ಬರ್ದೇ ಜಾಗ ಬದಲಾಯಿಸೋಕಾಗಲ್ಲ ದೋನ್ಯಾ."

ಜಪ್ಪಯ್ಯ ಅಂದರೂ ಆಸಾಮಿ ಬಗ್ಗಲಿಲ್ಲ. ಎರ್ಮೆಲಿಂದಾ ಆ ಗುರುತಿನ ಮೇಲೆಯೇ ಚಕ್ಕಂಬಕ್ಕಳ ಹಾಕಿ ಕೂತಳು. ಹೆಂಗಸನ್ನು ಎಬ್ಬಿಸುವ ನಿಯಮ ಅವನ ಪುಸ್ತಕದಲ್ಲಿ ಇರಲಿಲ್ಲವೇನೋ, ಎದುರಿಗೆ ತಾನೂ ಕೂತ. ಮಧ್ಯಾಹ್ನವಾಯಿತು. ಮನೆಗೆ ಬಂದವನಿಗೆ ಮಸಾತೋ ಕೊಡದಿದ್ದರೆ ನಮ್ಮಲ್ಲಿ ಮಾನ ಉಳಿಯುವುದಿಲ್ಲ. ಇವಳಿಗೆ ಜೀವ ತಡೆಯಲಿಲ್ಲ. ಮರಗೆಣಸಿನ ಆ ಹುಳಿ ಪಾನೀಯ ಬಸಿಯಲು ಎದ್ದಿದ್ದೇ ತಡ, ಪಲೋಮಿನೋನ ಕೊರೆಯುವ ಕೊಳವೆ ನೆಲಕ್ಕಿಳಿಯಿತು.

ಮೊದಲು ಕಂದು ಮಣ್ಣು ಬಂತು. ಆಮೇಲೆ ಬೂದು ಜೇಡಿ. ಎರ್ಮೆಲಿಂದಾ ತಲೆಯ ಮೇಲೆ ಕೈ ಹೊತ್ತಳು. ಮೂರನೆಯ ಸಲ ಕೊಳವೆ ಮೇಲೆದ್ದಾಗ ಅದರ ತುದಿಯಲ್ಲಿ ಡಾಂಬರಿನಂಥ ಕರ್ರಗಿನ ಹೂಳು ಮೆತ್ತಿತ್ತು. ಅಡುಗೆಮನೆಯೆಲ್ಲ ಎಣ್ಣೆ ನಾತ ಹಬ್ಬಿತು.

"ಗೆದ್ವಿ ಕಣೇ, ಕುಡಿಯೋ ನೀರು ಬಂತು ಅಂತ್ಲೇ ತಿಳ್ಕೋ," ಎಂದು ಸೆಗುಂದೋ ಕುಣಿದಾಡಿದ.

ಪಲೋಮಿನೋ ಬಾಟಲಿಗೆ ಚೀಟಿ ಅಂಟಿಸಿದ. "ಇನ್ನು ಯಾರೂ ಎಣ್ಣೆ ಇಲ್ಲ ಅನ್ನೋ ಹಾಗಿಲ್ಲ ದೋನ್ಯಾ. ಇಲ್ಲೊಂದು ಸಹಿ ಹಾಕಿ."

ಅವಳಿಗೆ ಖುಷಿಯಾಗಿತ್ತು, ಸುಳ್ಳೇಕೆ. ಸಹಿ ಹಾಕಿದಳು. ಪೆನ್ನು ವಾಪಸು ಕೊಟ್ಟು, ಬಗ್ಗಿ ಒಲೆ ಬುಡದ ನೆಲವನ್ನು ಅಂಗೈಯಿಂದ ಸವರಿದಳು.

"ಇಂಜಿನಿಯರ್ರೇ, ನನ್ನ ಕೊನೇ ಮೂರು ಮಕ್ಕಳು ಅಂಬೆಗಾಲಿಟ್ಟಿದ್ದು ಈ ನೆಲದ ಮೇಲೆ," ಅಂದಳು. "ಮಣ್ಣು ತಿಂದ್ರೂ ಸುಮ್ನಿರ್ತಿದ್ದೆ. ಹೊಳೆ ಕೊಟ್ಟಿದ್ದು, ಚೊಕ್ಕ ಮಣ್ಣು ಅಂತ."