ಅರ್ಧ ಪರದೆಯ ಮೇಷ್ಟ್ರು

ಮೊನ್ನೆ ಇಲ್ಲಿ ಅಮೆರಿಕದಲ್ಲಿ, ರೆಡ್ಮಂಡಿನಿಂದ ಲೈಟ್ ರೈಲಿನಲ್ಲಿ ಬರುವಾಗ ಎದುರು ಸೀಟಿನ ಮುದುಕರೊಬ್ಬರು ಪ್ಯಾಂಟು ಮಡಚಿ, ಟ್ಯೂಬಿನಿಂದ ಮುಲಾಮು ಹಿಂಡಿ ಮಂಡಿಗೆ ತಿಕ್ಕಿಕೊಳ್ಳೋಕೆ ಶುರು ಮಾಡಿದರು. ಬೋಗಿ ತುಂಬ ಘಾಟು. ಪಕ್ಕದಲ್ಲಿದ್ದವಳು ಮೂಗು ಮುಚ್ಚಿಕೊಂಡು ಎದ್ದು ಹೋದಳು. ನಾನು ಕೂತೇ ಇದ್ದೆ. ಆ ಘಾಟನ್ನು ಎಷ್ಟೋ ಚಳಿಗಾಲ ಉಸಿರಾಡಿದವಳು ನಾನು. ನಮ್ಮ ಲೈನ್ ಮೇಷ್ಟ್ರ ರೂಮಿನ ವಾಸನೆ ಅದು... ಮುಲಾಮು, ಚಕ್ಕೆ ಪರಿಮಳದ ಚೂಯಿಂಗ್ ಗಮ್, ಒದ್ದೆ ಶೂ. ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅಂತಾರೆ. ಪ್ರಯತ್ನ ಮಾಡ್ತೀನಿ, ಆದರೆ ಮಾತು ಕೊಡಲ್ಲ.

ಮೇಷ್ಟ್ರು ಅಂದರೆ ಪಾಠ ಹೇಳುವವರಲ್ಲ. ಇಲ್ಲಿನ ಒಂದು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕೋಚ್. ಇಡೀ ತಂಡಕ್ಕಲ್ಲ, ಒಂದು ಸಾಲಿಗೆ ಮಾತ್ರ. ಆ ಆಟದಲ್ಲಿ ಚೆಂಡು ಎಸೆಯುವವನೊಬ್ಬ ಇರುತ್ತಾನೆ. ಅವನನ್ನು ನೆಲಕ್ಕೆ ಕೆಡವೋಕೆ ಎದುರಿನವರು ನುಗ್ಗಿ ಬರುತ್ತಾರೆ. ನಡುವೆ ಐದು ಜನ ದಡಿಯರು ಗೋಡೆಯ ಹಾಗೆ ನಿಂತು ತಡೆಯಬೇಕು. ಚೆಂಡು ಇವರ ಕೈಗೆ ಬರೋದೇ ಇಲ್ಲ. ತಡೆದರೆ ಯಾರೂ ಹೆಸರು ಹೇಳಲ್ಲ, ತಪ್ಪಿದರೆ ಸ್ಟೇಡಿಯಂ ಪೂರ್ತಿ ಬೈಯುತ್ತೆ. ನಮ್ಮ ಕಡೆ ಮನೆ ಹೆಂಗಸರ ಪಾಡು ಅಂದುಕೊಳ್ಳಿ.

ನಾನು ಅಲ್ಲಿ ಸೇರಿದ್ದು ಸಾಫ್ಟ್‌ವೇರ್ ಕೆಲಸ ಹೋಗಿ ಎಜುಕೇಶನ್ ಹಿಲ್ಲಿನ ಮನೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದ ಕಾಲದಲ್ಲಿ. ವಿಡಿಯೋ ಕತ್ತರಿಸಿ ಜೋಡಿಸೋಕೆ ಜನ ಬೇಕು ಅಂತ ಯಾರೋ ಹೇಳಿದರು. ಹೋದೆ. ಈ ಆಟದ ಬಗ್ಗೆ ನಿನಗೆ ಏನು ಗೊತ್ತು ಅಂತ ಮೇಷ್ಟ್ರು ಕೇಳಿದರು. ಏನೂ ಗೊತ್ತಿಲ್ಲ ಅಂದೆ. "ಒಳ್ಳೇದಾಯ್ತು. ಗೊತ್ತಿರೋರು ನನಗೆ ಕಥೆ ಹೇಳೋಕೆ ಬರ್ತಾರೆ. ನಾಳೆಯಿಂದ ಬಾ" ಅಂದರು. ಅವರ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಇಳಿದುಹೋಗುತ್ತೆ, ಉಳಿದರ್ಧ ಇಲ್ಲಿ ಬರೆಯೋ ಹಾಗಿಲ್ಲ.

ಚಳಿಗಾಲ ಬಂತೆಂದರೆ ಬೇರೆ ಬೇರೆ ಕಾಲೇಜಿನ ಆಟಗಾರರು ಟ್ರಾನ್ಸ್‌ಫರ್ ಬೇಕು ಅಂತ ಹೆಸರು ಕೊಡುತ್ತಾರೆ. ಅವರಲ್ಲಿ ನಮ್ಮ ಗೋಡೆಗೆ ಆಗುವವರು ಯಾರು ಅಂತ ಆರಿಸೋದು ಮೇಷ್ಟ್ರ ಕೆಲಸ. ಒಬ್ಬೊಬ್ಬನೂ ಆಡಿದ್ದನ್ನು ಹುಡುಕಿ, ಅವನೊಬ್ಬನೇ ಕಾಣೋ ಹಾಗೆ ಜೋಡಿಸಿ ಕೊಡೋದು ನನ್ನ ಕೆಲಸ. ಮೇಷ್ಟ್ರು ಮೊದಲು ಸೌಂಡ್ ಆಫ್ ಮಾಡುತ್ತಿದ್ದರು. ಆಮೇಲೆ ಪಿಜ್ಜಾ ಡಬ್ಬದ ರಟ್ಟನ್ನು ಟೀವಿಯ ಮೇಲಿನರ್ಧಕ್ಕೆ ಟೇಪು ಹಾಕಿ ಅಂಟಿಸುತ್ತಿದ್ದರು. ಕಾಣೋದು ಸೊಂಟದ ಕೆಳಗೆ ಮಾತ್ರ. "ಮುಖ ನೋಡಿದ್ರೆ ಪಾಪ ಅನ್ಸುತ್ತೆ. ಪಾಪ ಅನ್ಸಿದವನನ್ನ ತಗೊಂಡ್ರೆ ಚೆಂಡು ಎಸೆಯೋನ ಪಕ್ಕೆಲುಬು ಮುರಿಯುತ್ತೆ" ಅನ್ನೋರು. ಬೇಕಾದರೆ ವಿಡಿಯೋದಲ್ಲೇ ಮೇಲ್ಗಡೆ ಕತ್ತರಿಸಿ ಕೊಡ್ತೀನಿ, ಈ ರಟ್ಟು ಗಿಟ್ಟು ಯಾಕೆ ಅಂದೆ ಒಮ್ಮೆ. ಬೇಡವಂತೆ. ಅಲ್ಲಿ ಒಂದು ಮುಖ ಇದೆ ಅಂತ ಗೊತ್ತಿದ್ದೂ ನೋಡದೆ ಇರೋದನ್ನು ಕಲಿಯಬೇಕಂತೆ.

ಹೀಗೆ ಕಾಲು ನೋಡಿ ನೋಡಿ ಒಬ್ಬೊಬ್ಬರಿಗೂ ಒಂದೊಂದು ಹೆಸರು. ಒಬ್ಬ ತುಕ್ಕು ಹಿಡಿದ ಗೇಟು, ಇನ್ನೊಬ್ಬ ಮಗುಚಿದ ಫ್ರಿಜ್ಜು. ಒಬ್ಬ ಆಟಗಾರನ ತಾಯಿ ಫೋನ್ ಮಾಡಿ ಮಗನ ಬಗ್ಗೆ ಅರ್ಧ ಗಂಟೆ ಹೇಳಿಕೊಂಡರು. ಇವರು ಬೆಣ್ಣೆ ಹಚ್ಚಿದ ದನಿಯಲ್ಲಿ ಹೂಂಗುಟ್ಟಿ, ಫೋನಿಟ್ಟು, "ಮಗನ ಬದಲು ಅಮ್ಮನ್ನ ನಿಲ್ಲಿಸಿದ್ರೆ ಯಾರೂ ಒಳಗೆ ಬರ್ತಿರಲಿಲ್ಲ" ಅಂದರು. ನಾನು ನಕ್ಕಿದ್ದೆ. ನಗು ಬರೋ ಹಾಗೇ ಹೇಳೋರು, ಅದೇ ದರಿದ್ರ. ಆದರೂ ನನ್ನ ಮೈ ಉರಿಯುತ್ತಿತ್ತು. ಮೈಸೂರಿನಲ್ಲಿ ನನ್ನನ್ನು ನೋಡೋಕೆ ಬಂದ ಗಂಡಿನ ಕಡೆಯವರೊಬ್ಬರು "ಬಾಗಿಲ ತನಕ ಸ್ವಲ್ಪ ನಡೆದು ತೋರ್ಸಮ್ಮ" ಅಂದಿದ್ದರು. ಕಾಫಿ ತಟ್ಟೆಯನ್ನು ಅವರ ಮುಂದಿಂದ ಎತ್ತಿಕೊಂಡು ಒಳಗೆ ಹೋಗಿದ್ದೆ. ಆ ಸಂಬಂಧ ಅಲ್ಲಿಗೇ ಮುರೀತು. ಈ ಹುಡುಗರು ಮಾತ್ರ ಅಂಥವರಿಗೆ ತಾವೇ ವಿಡಿಯೋ ಕಳಿಸಿ, ತಗೊಳ್ಳಿ ಸಾರ್ ಅಂತ ಕಾಯುತ್ತಿದ್ದರು.

ಧಾರವಾಡದ ನನ್ನ ಗಂಡ ಇದನ್ನೆಲ್ಲ ಕೇಳಿ, "ಅಂವಗ ಕರಳು ಅನ್ನೂದ ಇಲ್ಲೇನ? ನೀ ಯಾಕ ಅಲ್ಲೆ ಹೋಗಿ ಕುಂದರ್ತಿ?" ಅನ್ನೋರು. ಅದೇ ಪ್ರಶ್ನೆಯನ್ನು ನಾನು ಮೇಷ್ಟ್ರಿಗೇ ಕೇಳಿದ್ದೆ, ನಿಮಗೆ ಹೃದಯ ಇಲ್ವಾ ಅಂತ. ಇದೆ, ಡಾಕ್ಟರು ಎರಡು ಸ್ಟೆಂಟ್ ಹಾಕಿದಾರೆ, ಬಿಲ್ ತೋರಿಸಲಾ ಅಂದರು.

ನಮ್ಮ ತಂಡದಲ್ಲಿ ಗೋಡೆಯ ಎಡತುದಿಗೆ ನಿಲ್ಲುವವನೊಬ್ಬನಿದ್ದ. ಎಡತುದಿ ಅಂದರೆ ಎಲ್ಲಕ್ಕಿಂತ ಕಷ್ಟದ ಜಾಗ, ಚೆಂಡು ಎಸೆಯುವವನ ಬೆನ್ನು ಕಾಯೋದು. ಬೆಟ್ಟದಾಚೆ ಸೇಬು ಬೆಳೆಯೋ ಸೀಮೆಯವನು. ಮೊದಲೆರಡು ವರ್ಷ ಬೆಂಚಿನ ಮೇಲೆ ಕೂತು, ಮೂರನೇ ವರ್ಷ ಆಗೊಮ್ಮೆ ಈಗೊಮ್ಮೆ ಆಡಿ, ಕಡೇ ವರ್ಷ ಜಾಗ ಪೂರ್ತಿ ತನ್ನದು ಅನ್ನೋ ಹಂತಕ್ಕೆ ಬಂದಿದ್ದ. ಆ ಒಂದು ಸೀಸನ್ ಆಡಿ ತೋರಿಸಿದರೆ ಮುಂದೆ ಆಟವೇ ಬದುಕು, ಇಲ್ಲದಿದ್ದರೆ ಅಲ್ಲಿಗೆ ಮುಗೀತು. ಇದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅವನು ನನ್ನ ರೂಮಿಗೆ ಬಂದರೆ ಕುರ್ಚಿ ಕಿರುಗುಟ್ಟುತ್ತಿತ್ತು. ನನ್ನ ಡಬ್ಬಿಯ ಚಿತ್ರಾನ್ನ ತಿಂದು, ಕಡಲೆಬೀಜ ಇನ್ನೂ ಸ್ವಲ್ಪ ಇರಬೇಕಿತ್ತು ಮ್ಯಾಮ್ ಅನ್ನೋನು. ಆಮೇಲೆ ತನ್ನದೇ ವಿಡಿಯೋ ಹಾಕಿಸಿಕೊಂಡು ತನ್ನ ತಪ್ಪು ತಾನೇ ತೋರಿಸೋನು. ಇಲ್ಲಿ ಕಾಲು ತಡ ಆಯ್ತು, ಇಲ್ಲಿ ಅದೃಷ್ಟ, ನಾನು ತಡೆದಿದ್ದಲ್ಲ, ಅವನೇ ಜಾರಿದ್ದು... ಅಲ್ಲಪ್ಪ, ಯಾರೂ ಕೇಳದೆ ಯಾಕೆ ಹೇಳ್ತೀಯ ಅಂದರೆ, ಇದೆಯಲ್ಲ ಮ್ಯಾಮ್, ಕಾಣುತ್ತಲ್ಲ ಅನ್ನೋನು. ಸುಳ್ಳು ಹೇಳೋಕೆ ಬರ್ತಾನೇ ಇರಲಿಲ್ಲ ಆ ಪ್ರಾಣಿಗೆ.

ಆ ಚಳಿಗಾಲ ದಕ್ಷಿಣದ ಒಂದು ಕಾಲೇಜಿನಿಂದ ಹೊಸಬನೊಬ್ಬ ಹೆಸರು ಕೊಟ್ಟ. ಅವನೂ ಎಡತುದಿಯವನೇ. ಮೇಷ್ಟ್ರು ರಟ್ಟಿನ ಕೆಳಗೆ ಅವನ ಕಾಲು ನೋಡುತ್ತಾ ಚೂಯಿಂಗ್ ಗಮ್ ಅಗಿಯೋದನ್ನೇ ಮರೆತರು. ಅವನಿಗೆ ಹೆಸರನ್ನೂ ಇಡಲಿಲ್ಲ. ಅವನು ಕಾಲೇಜು ನೋಡಿಕೊಂಡು ಹೋಗೋಕೆ ಬರುವುದು ಅಂತಾಯಿತು. ಹಾಗೆ ಬರುವವರನ್ನು ಎರಡು ದಿನ ಜೊತೆಯಲ್ಲಿಟ್ಟುಕೊಂಡು, ಊಟ ಹಾಕಿಸಿ, ಊರು ತೋರಿಸೋಕೆ ನಮ್ಮವನೊಬ್ಬನನ್ನು ನೇಮಿಸೋದು ಪದ್ಧತಿ. ಬೇರೆ ಜಾಗದಲ್ಲಿ ಆಡುವವನನ್ನೇ ಹಾಕುತ್ತಾರೆ, ಅಷ್ಟು ನಾಚಿಕೆ ಎಲ್ಲರಿಗೂ ಇರುತ್ತೆ. ಮೇಷ್ಟ್ರು ಹಾಕಿದ್ದು ನಮ್ಮ ಎಡತುದಿಯವನನ್ನೇ. "ಎರಡು ದಿನ ಅವನ ಜೊತೆ ಇರು. ಆಮೇಲೆ ಬಂದು ಹೇಳು, ಅವನನ್ನ ತಗೊಳ್ಳೋದಾ, ಬಿಡೋದಾ. ನೀನು ಏನು ಹೇಳ್ತೀಯೋ ಅದೇ ಆಗುತ್ತೆ" ಅಂದರು.

ಎರಡು ದಿನ ಅವನು ಹೊಸಬನನ್ನು ಮನೆಗೆ ಬಂದ ನೆಂಟನ ಹಾಗೆ ನೋಡಿಕೊಂಡ. ಸರೋವರ ತೋರಿಸಿದ, ಮಾಂಸ ಚೆನ್ನಾಗಿ ಸುಡುವ ಹೋಟೆಲಿಗೆ ಕರೆದುಕೊಂಡು ಹೋದ. ಮಳೆಗೆ ಹೊಸಬನ ಹತ್ತಿರ ಜಾಕೆಟ್ ಇಲ್ಲ ಅಂತ ತನ್ನದೇ ಬಿಚ್ಚಿ ಕೊಟ್ಟ. ಅಂಥ ದಡಿಯರ ಅಳತೆಯದು ಅಂಗಡಿಯಲ್ಲಿ ಸಿಗಲ್ಲವಲ್ಲ. ಹೊಸಬ ವಿಮಾನ ಹತ್ತಿದ ಮೇಲೆ ಇವನು ನಮ್ಮ ರೂಮಿಗೆ ಬಂದ.

ಮೇಷ್ಟ್ರು ಅವನನ್ನು ಟೀವಿ ಮುಂದೆ ಕೂರಿಸಿ ಎರಡು ವಿಡಿಯೋ ಅಕ್ಕಪಕ್ಕ ಹಾಕಿಸಿದರು. ಒಂದು ಹೊಸಬನದು, ಒಂದು ಅವನದೇ. ಮೇಲೆ ರಟ್ಟು. ನಾಲ್ಕು ಕಾಲು ಮಾತ್ರ ಕಾಣುತ್ತಿದ್ದವು. ಯಾರು ಬೇಕು, ಹೇಳು ಅಂದರು. ಅವನು ಬಹಳ ಹೊತ್ತು ನೋಡಿದ. ಹೇಳಪ್ಪ, ಒಂದೇ ಒಂದು ಸಲ ಸುಳ್ಳು ಹೇಳು, ಅವನು ಸೋಮಾರಿ ಅನ್ನು, ಜಂಭ ಅನ್ನು, ಏನಾದರೂ ಅನ್ನು ಅಂತ ಒಳಗೊಳಗೇ ಅಂಗಲಾಚುತ್ತಿದ್ದೆ.

"ಅವನು" ಅಂದ.

ಯಾಕೆ ಅಂತ ಕೇಳಿದರು ಮೇಷ್ಟ್ರು. ಅವನು ಎದ್ದು ಟೀವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದ. ಹೊಸಬನ ಕಾಲು ಎಲ್ಲಿ ಬೇಗ ಊರುತ್ತೆ, ತನ್ನದು ಎಲ್ಲಿ ತಡ, ತನ್ನ ಸೊಂಟ ಎಲ್ಲಿ ಎತ್ತರಕ್ಕೆ ಬಂದು ಬಲ ಹೋಗುತ್ತೆ. ಒಂದನ್ನೂ ಬಿಡದೆ ಹೇಳಿದ. ಮುಗಿದ ಮೇಲೆ ತಂಡದ ಅಂಗಿಗೆ ಕೈ ಒರೆಸಿಕೊಂಡು ನಿಂತ. ಒಂದು ಒಳ್ಳೆಯ ಮಾತು ಬರುತ್ತೇನೋ ಅಂತ ಕಾದ ಅನ್ನಿಸುತ್ತೆ. "ಸರಿ. ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗು" ಅಂದರು ಮೇಷ್ಟ್ರು.

ಹೊಸಬ ಬಂದ. ಎಡತುದಿ ಅವನದಾಯಿತು. ನಮ್ಮವನು ಬೇರೆ ಕಾಲೇಜಿಗೆ ಹೋಗೋಕೆ ನೋಡಿದ. ಅಲ್ಲಿಯವರು ಮೇಷ್ಟ್ರಿಗೆ ಫೋನ್ ಮಾಡಿ ವಿಚಾರಿಸಿದರು. ನನ್ನೆದುರೇ ಹೇಳಿದರು ಈ ಮನುಷ್ಯ: ನಾನೇನೂ ಹೇಳಲ್ಲಪ್ಪ, ಅವನ ಕಾಲು ತಡ ಅಂತ ಅವನೇ ಹೇಳಿದಾನೆ, ಬೇಕಿದ್ರೆ ಅವನನ್ನೇ ಕೇಳಿ. ಅವರು ಕೇಳಿದರು. ಅವನು ಹೌದು ಅಂದ, ಅಲ್ಲೂ ಜಾಗ ಹೋಯಿತು. ಕಡೇ ವರ್ಷ ಪೂರ್ತಿ ಇಲ್ಲೇ ಉಳಿದು, ಗೆಲುವು ಖಾತ್ರಿಯಾದ ಪಂದ್ಯಗಳ ಕೊನೆಯ ಕೆಲವು ನಿಮಿಷ ಮಾತ್ರ ಆಡಿದ, ಹೊಸಬನಿಗೆ ನಮ್ಮ ತಂಡದ ಸನ್ನೆಗಳನ್ನೆಲ್ಲ ಕಲಿಸಿಕೊಟ್ಟ. ಮುಗಿದ ಮೇಲೆ ಊರಿಗೆ ಹೋಗಿ ಸೇಬು ಪ್ಯಾಕ್ ಮಾಡುವ ಕಡೆ ಸೂಪರ್‌ವೈಸರ್ ಆದ. ಆ ಫೋನ್ ಬಂದ ದಿನ ಮೇಷ್ಟ್ರ ಜೊತೆ ನಾನು ಆಡಿದ ಜಗಳ ಕಾರಿಡಾರಿನ ತುದಿಯವರೆಗೆ ಕೇಳಿಸಿತಂತೆ. ಅವರು ಕಿವಿಯ ಹಿಯರಿಂಗ್ ಏಡ್ ತೆಗೆದು ಮೇಜಿನ ಮೇಲಿಟ್ಟು ಕೂತಿದ್ದರು.

ಮೇಷ್ಟ್ರು ರಿಟೈರಾಗಿ ಮಿಲ್ ಕ್ರೀಕಿನ ಮನೆ ಸೇರಿದರು. ಆಮೇಲೆ ಶ್ವಾಸಕೋಶ ಕೆಟ್ಟಿತು. ನೋಡಿಕೊಂಡು ಬರೋಣ ಅಂತ ತಿಳಿಸಾರು ಮಾಡಿದೆ. "ಅವಗ ಒಯ್ಯಾಕತ್ತೀಯೇನ? ಉಪ್ಪು ಎರಡು ಚಮಚಾ ಹೆಚ್ಗಿ ಹಾಕು" ಅಂದರು ನಮ್ಮ ಮನೆಯವರು. ಮೇಷ್ಟ್ರ ಮೂಗಿಗೆ ಆಕ್ಸಿಜನ್ ಕೊಳವೆ, ಮಡಿಲಲ್ಲಿ ಸಾರಿನ ಬಟ್ಟಲು. ಎರಡು ಗುಟುಕು ಕುಡಿದು, ಖಾರ ಸಾಲದು ಅಂದರು. ಮಾತು ಅಲ್ಲಿ ಇಲ್ಲಿ ಸುತ್ತಿ ಎಡತುದಿಯವನಿಗೆ ಬಂತು. ಪಾಪ, ತನ್ನ ಜಾಗ ತಾನೇ ಕೈಯಾರೆ ಕೊಟ್ಟ ಅಂದೆ.

ಮೇಷ್ಟ್ರು ನಕ್ಕರು. ಕೆಮ್ಮಿ ಕೆಮ್ಮಿ ನಕ್ಕರು. ಅವನೇನು ಕೊಟ್ಟ, ಮಣ್ಣು ಅಂದರು. ಹೊಸಬ ಇಲ್ಲಿಗೆ ಬರೋ ಮೊದಲೇ ಮಾತು ಮುಗಿದಿತ್ತು. ಹೂಂ ಅಂದಿದ್ದ, ಎಲ್ಲ ಪಕ್ಕಾ ಆಗಿತ್ತು. ಬಂದದ್ದು ರೂಮು ನೋಡಿಕೊಂಡು ಹೋಗೋಕೆ ಅಷ್ಟೆ.

ಮತ್ತೆ ಇವನನ್ನ ಯಾಕೆ ಕೇಳಿದ್ರಿ ಅಂದೆ.

"ಏನು ಹೇಳ್ತಾನೆ ನೋಡೋಣ ಅನ್ನಿಸ್ತು" ಅಂದರು. ಬಟ್ಟಲು ಖಾಲಿ ಮಾಡಿ ನನ್ನ ಕೈಗೆ ಕೊಟ್ಟರು. ನಾನು ಅವರನ್ನು ಜೀವಂತ ನೋಡಿದ್ದು ಅದೇ ಕೊನೆ. ಕಾರಿನಲ್ಲಿ ಕೂತು ಬಾಯಿಗೆ ಬಂದ ಹಾಗೆ ಬೈದೆ, ಅಚ್ಚ ಕನ್ನಡದಲ್ಲಿ.

ಅವರ ನೆನಪಿನ ಸಭೆ ಹೋದ ಭಾನುವಾರ ಇತ್ತು. ಎಡತುದಿಯವನು ಬೆಟ್ಟ ದಾಟಿ ಬಂದಿದ್ದ. ತೂಕ ಇಳಿದಿದೆ, ತಲೆ ಮುಂದುಗಡೆ ಬೋಳಾಗಿದೆ. ಮೇಷ್ಟ್ರ ಮನೆಯವರು ಅವನಿಗೆ ಮಾತಾಡೋಕೆ ಹೇಳಿದ್ದರಂತೆ. ಮೈಕಿನ ಮುಂದೆ ನಿಂತು ಅವನು ಆ ದಿನದ ಕಥೆಯನ್ನೇ ಹೇಳಿದ: ನನ್ನನ್ನು ಆ ವಯಸ್ಸಿನಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ, ಇವರು ಕೇಳಿದರು. ನನ್ನ ಮಾತಿನ ಮೇಲೆ ಒಂದು ತಂಡವನ್ನೇ ಕಟ್ಟಿದರು. ನನ್ನ ಜಾಗ ಹೋಯಿತು ನಿಜ, ಆದರೆ ನನ್ನ ಕಣ್ಣನ್ನು ಅಷ್ಟು ನಂಬಿದ ಇನ್ನೊಬ್ಬರು ನನಗೆ ಸಿಗಲಿಲ್ಲ. ಇವತ್ತಿಗೂ ಕೆಲಸದಲ್ಲಿ ಏನಾದರೂ ನಿರ್ಧಾರ ಮಾಡುವಾಗ ಆ ನಂಬಿಕೆ ನೆನೆಸಿಕೊಳ್ಳುತ್ತೇನೆ... ಅಷ್ಟು ದೊಡ್ಡ ದೇಹ ಮೈಕಿನ ಮುಂದೆ ಗಳಗಳ ಅಳುತ್ತಿತ್ತು. ಕೂತವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಹೊರಗೆ ಕಾಫಿ ಹಿಡಿದು ನಿಂತಾಗ ನೇರ ನನ್ನ ಹತ್ತಿರ ಬಂದ. "ಮ್ಯಾಮ್, ಆ ರೂಮಲ್ಲಿ ನೀವೂ ಇದ್ರಲ್ಲ. ನಾನು ಹೇಳಿದ್ದರಲ್ಲಿ ಏನಾದರೂ ತಪ್ಪಿತ್ತಾ?" ಅಂದ. ಹೊಗಳಿಕೆಗೆ ಕೇಳಿದ್ದಲ್ಲ. ತಪ್ಪಿದ್ದರೆ ತಿದ್ದಿಕೊಳ್ಳೋಣ ಅಂತ ಕೇಳಿದ್ದು. ಅವನು ಯಾವಾಗಲೂ ಹಾಗೇ.

ಇಲ್ಲಪ್ಪ, ಎಲ್ಲ ಸರಿಯಾಗಿ ಹೇಳಿದೆ ಅಂದೆ. ಅವರು ನಿನ್ನ ಮಾತು ಕೇಳಿಯೇ ತೀರ್ಮಾನ ಮಾಡಿದ್ದು ಅಂತಲೂ ಸೇರಿಸಿದೆ. ಅವನ ಮುಖ ಅರಳಿತು. ನನ್ನನ್ನು ಅಪ್ಪಿಕೊಂಡು, ಕಾರು ಹತ್ತಿ ಬೆಟ್ಟದಾಚೆ ಹೊರಟುಹೋದ.

ನನಗಿನ್ನೂ ಸಿಟ್ಟು ಇಳಿದಿಲ್ಲ. ನಿಮ್ಮ ಆಟದಲ್ಲಿ ನನ್ನನ್ನೂ ನಿಲ್ಲಿಸಿಬಿಟ್ಟಿರಲ್ಲ ಅಂತ ಮೇಷ್ಟ್ರ ಮುಖಕ್ಕೆ ಹೊಡೆದ ಹಾಗೆ ಹೇಳಬೇಕು, ಅವರು ಅದಕ್ಕೊಂದು ಕೆಟ್ಟ ಮಾತು ಅನ್ನಬೇಕು, ನಾನು ಕಾರಿಡಾರಿಗೆ ಕೇಳೋ ಹಾಗೆ ಕಿರುಚಬೇಕು. ಜಗಳಕ್ಕೆ ಹಾಗೆ ಎದುರು ನಿಲ್ಲುವವರು ನನಗೆ ಇನ್ನು ಯಾರೂ ಇಲ್ಲ.