ಹಳೇ ಕಾರಿಗೊಂದು ಹೊಸ ಬುಷ್

ಬೀದಿಯವರೆಲ್ಲ ಅವನನ್ನು ಲೇತಣ್ಣ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಲೇತ್ ಹಾಕಿಕೊಂಡು, ಅಂಗಡಿಯಲ್ಲಿ ಸಿಗದ ಬಿಡಿಭಾಗಗಳನ್ನು ಕಡೆದು ಕೊಡುವುದು ಅವನ ಕಸುಬು. ಪಕ್ಕದ ಕೋಣೆಯಲ್ಲಿ ಅವನ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ, ಪರದೆ, ಕುರ್ಚಿಯ ಗವಸು ಹೊಲಿಯುತ್ತಿದ್ದಳು. ಗೋಡೆಯ ಆಚೆ ಈಚೆ ಎರಡು ಯಂತ್ರಗಳ ಸದ್ದಿನಲ್ಲಿ ಇವರ ಮಾತೆಲ್ಲ ಊಟದ ಹೊತ್ತಿಗೆ ಬಾಕಿ ಉಳಿಯುತ್ತಿತ್ತು.

ಒಂದು ಬೆಳಿಗ್ಗೆ ಲೇತಣ್ಣನ ಬಲಗೈಯಿಂದ ಲೋಟ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಮಾತು ಕೇಳಲಿಲ್ಲ, ನಾಲಿಗೆಯೂ ತೊಡರಿತು. ಅತ್ತಿಗೆ ಧೈರ್ಯಗೆಡಲಿಲ್ಲ. ಗಂಡನ ಕಾಲದ ಹಳೇ ಕಾರಿನಲ್ಲಿ ಅವನನ್ನು ಕೂರಿಸಿಕೊಂಡು ಹೊರಟೇಬಿಟ್ಟಳು. ಕಾರು ಏದುಸಿರು ಬಿಡುತ್ತ, ಮುಗ್ಗರಿಸುತ್ತ, ಅಂತೂ ಆಸ್ಪತ್ರೆಯ ಬಾಗಿಲು ಮುಟ್ಟಿಸಿ ಅಲ್ಲೇ ನಿಂತುಹೋಯಿತು. ಲೇತಣ್ಣನ ಜೀವ ಉಳಿಯಿತು, ಮಾತು ತಿರುಗಿ ಬಂತು. ಬಲಗೈಯಲ್ಲಿ ಮಾತ್ರ ಮೊದಲಿನ ಹಿಡಿತ ಬರಲಿಲ್ಲ. ಮನೆಗೆ ಬಂದವನು ಲೇತ್ ಕೋಣೆಯತ್ತ ತಲೆ ಹಾಕಲಿಲ್ಲ.

ಕಾರನ್ನು ಎಳೆದು ತಂದ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ. “ಡಿಸ್ಟ್ರಿಬ್ಯೂಟರ್ ಹಾಳಾಗಿದೆ ಅಕ್ಕ. ಎಂಜಿನ್ನಿಗೆ ಕಿಡಿ ಹಂಚೋದೇ ಅದು. ಈ ಕಾರಿಂದು ಹೊಸದು ಎಲ್ಲೂ ಸಿಗಲ್ಲ. ಗುಜರಿಗೆ ಹಾಕಿಬಿಡಿ.”

“ನನ್ನ ಮೈದುನನ ಜೀವ ಉಳಿಸಿದ್ದನ್ನ ಗುಜರಿಗೆ ಹಾಕೋದಾ? ಅದನ್ನ ಬಿಚ್ಚಿಕೊಡು ಇಲ್ಲಿ.”

ಎಣ್ಣೆ ಮೆತ್ತಿದ ಆ ವಸ್ತುವನ್ನು ಹಳೇ ಬಟ್ಟೆಯಲ್ಲಿ ಸುತ್ತಿ ತಂದು ಲೇತಣ್ಣನ ತೊಡೆಯ ಮೇಲಿಟ್ಟಳು. ಅವನ ಎಡಗೈ ತಾನಾಗಿಯೇ ಅದರ ನಡುವೆ ತಿರುಗುವ ಶಾಫ್ಟ್ ಹಿಡಿದು ಅಲ್ಲಾಡಿಸಿತು.

“ಆಡ್ತಿದೆ. ಶಾಫ್ಟಿಗೇನೂ ಆಗಿಲ್ಲ, ಅದನ್ನ ಸುತ್ತ ಹಿಡಿದುಕೊಳ್ಳೋ ಬಳೆ, ಈ ಬುಷ್, ಸವೆದಿದೆ. ಶಾಫ್ಟ್ ಹೀಗೆ ಕುಣಿದ್ರೆ ಕಿಡಿ ಹೊತ್ತಿಗೆ ಸರಿಯಾಗಿ ಹಾರಲ್ಲ.”

“ಮಾಡೋಕಾಗುತ್ತಾ?”

“ಆಗ್ತಿತ್ತು,” ಎಂದು ಬಲಗೈ ನೋಡಿಕೊಂಡ.

“ಕೈ ನನ್ನವಿದಾವೆ. ನೀನು ಬಾಯಲ್ಲಿ ಹೇಳು. ಏಳು.”

ಅವಳು ರವಿಕೆಯ ತೋಳು ಮಡಚಿ, ಜಡೆ ಎತ್ತಿ ಕಟ್ಟಿದಳು. ಹಿತ್ತಾಳೆಯಂಥ ಗನ್‌ಮೆಟಲ್ ಸರಳಿನ ತುಂಡೊಂದನ್ನು ಲೇತಿಗೆ ಸಿಕ್ಕಿಸಿ, ಅವನು ಹೇಳಿದ ಹಾಗೆ ಹಿಡಿ ತಿರುಗಿಸಿದಳು. ಹಳದಿ ಚೂರು ಸುರುಳಿ ಸುರುಳಿಯಾಗಿ ಬಿತ್ತು. ಮೊದಲ ಬುಷ್ಷಿನ ತೂತು ದೊಡ್ಡದಾಗಿ ಶಾಫ್ಟ್ ಒಳಗೆ ಸಡಿಲವಾಯಿತು.

“ಬಟ್ಟೆ ಆಗಿದ್ರೆ ಒಂದು ಹೊಲಿಗೆ ಹಾಕಿ ಬಿಗಿ ಮಾಡ್ತಿದ್ದೆ,” ಎಂದಳು.

ಲೇತಣ್ಣ ನಕ್ಕುಬಿಟ್ಟ. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.

ಎರಡನೆಯದಕ್ಕೆ ಅವಳು ಅವಸರ ಮಾಡಲಿಲ್ಲ. ಕೂದಲೆಳೆಯಷ್ಟೇ ಕೆರೆದು, ಮತ್ತೆ ಅಳೆದು, ಮತ್ತೆ ಕೆರೆದಳು. “ಸಾಕು, ನಿಲ್ಲಿಸಿ,” ಎಂದ. ಅವಳು ಒಳಗೆ ಬೆರಳಾಡಿಸಿ, “ಇಲ್ಲೊಂದು ಸಿಬಿರು ಚುಚ್ಚುತ್ತೆ,” ಎಂದಳು. ಅವನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅದನ್ನು ಉಜ್ಜಿ ತೆಗೆದು, ಬುಷ್ಷನ್ನು ವೈಸಿನ ದವಡೆಗಳ ನಡುವೆ ಒತ್ತಿ ಡಿಸ್ಟ್ರಿಬ್ಯೂಟರಿನೊಳಗೆ ಕೂರಿಸಿ, ಎಣ್ಣೆ ಬಿಟ್ಟು ಶಾಫ್ಟ್ ಇಳಿಸಿದರು. ಅಲ್ಲಾಡಿಸಿದರೆ ಕದಲಲಿಲ್ಲ, ತಿರುಗಿಸಿದರೆ ಬೆಣ್ಣೆಯಂತೆ ತಿರುಗಿತು.

ಮೆಕ್ಯಾನಿಕ್ ಬಂದು ಜೋಡಿಸಿ, ಕಿಡಿ ಹಾರಿಸುವ ಪಾಯಿಂಟ್ ಹೊಂದಿಸಿ, ಕೀ ತಿರುಗಿಸಿದ. ಎಂಜಿನ್ ಒಂದೇ ಸಮನೆ ಗುನುಗತೊಡಗಿತು. ಅತ್ತಿಗೆ ಒಂದು ಸುತ್ತು ಓಡಿಸಿಕೊಂಡು ಬರಲು ಕೂತಳು, ಲೇತಣ್ಣ ಪಕ್ಕದಲ್ಲಿ.

“ಅತ್ತಿಗೆ, ಅವತ್ತು ನೀವು ಇಲ್ಲದಿದ್ರೆ...” ಎಂದು ಅವನು ಶುರುಮಾಡಿದ.

“ಇದ್ದೆನಲ್ಲ,” ಎಂದು ಅವಳು ಗೇರ್ ಹಾಕಿದಳು.

“ಆದ್ರೂ ಹೇಳಬೇಕು. ನಿಮ್ಮಿಂದ ಬದುಕಿದೆ. ಒಂದ್ಸಲ ಅಲ್ಲ, ಎರಡು ಸಲ.”

ಅವಳು ಕಣ್ಣೊರೆಸಿಕೊಂಡು, ರಸ್ತೆಯ ಧೂಳನ್ನು ಬೈದಳು.

ಆಮೇಲೆ ಮೆಕ್ಯಾನಿಕ್ ಇಂಥವೇ ಸವೆದ ಭಾಗಗಳನ್ನು ತರುತ್ತ ಹೋದ. ಬೆಳಿಗ್ಗೆ ಅತ್ತಿಗೆ ಲೇತಿನ ಮುಂದೆ, ಲೇತಣ್ಣ ಪಕ್ಕದ ಸ್ಟೂಲಿನ ಮೇಲೆ. ಮಧ್ಯಾಹ್ನ ಅವಳು ಪರದೆ ಹೊಲಿಯಲು ಕೂತರೆ, ಅವನು ಎದುರು ಕೂತು ಎಡಗೈಯಲ್ಲಿ ಬಟ್ಟೆಯ ತುದಿ ಎಳೆದು ಹಿಡಿಯುತ್ತಾನೆ.

“ನೇರ ಹಿಡಿಯೋ,” ಎಂದು ಅವಳು ಗದರುತ್ತಾಳೆ. ಅವನು ನೇರ ಹಿಡಿಯುತ್ತಾನೆ.